ಒಳಗಿನ ಚಿಲಕ

ಜನವರಿ ೯

ಘನತೆವೆತ್ತ ನಾದಿನಿಯವರ ಸಮ್ಮುಖಕ್ಕೆ,

ಈ ಮನೆಯ ಚರಿತ್ರೆಯಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡತಕ್ಕ ಘಟನೆಯೊಂದು ಇಂದು ಬೆಳಗ್ಗೆ ಸಂಭವಿಸಿತೆಂದು ತಮ್ಮ ಗಮನಕ್ಕೆ ತರಲು ಪರಮ ಹರ್ಷವಾಗುತ್ತದೆ. ಸಾಮಾನಿನ ಕೋಣೆಯ ಬಾಗಿಲಿಗೆ, ಒಳಗಡೆಯಿಂದ, ಒಂದು ಚಿಲಕ ಹಾಕಿಸಲಾಗಿದೆ. ಉದ್ದ ಕಿರುಬೆರಳಿನಷ್ಟು. ಲೋಹ ಕಬ್ಬಿಣ. ಬಣ್ಣ ಒಂದು ಕಾಲದಲ್ಲಿ ಇತ್ತು. ಸಮಾರಂಭಕ್ಕೆ ಬಂದಿದ್ದ ಗಣ್ಯರೆಂದರೆ ನಾನು, ನಿಮ್ಮಮ್ಮ, ಮತ್ತು ನನಗೆ ಕಾಜಾ ಹೊಲಿಯುವ ಕೆಲಸ ಕೊಡುವ ಕೆಳಗಿನ ಅಂಗಡಿಯ ಟೇಪು. ದರ್ಜಿಯವರಿಗೆ ಆ ಹೆಸರಿಟ್ಟವಳು ನೀನು. ಈಗ ಬೀದಿಗೆಲ್ಲ ಅದೇ ಹೆಸರು. ಕುತ್ತಿಗೆಯಲ್ಲಿ ಅಳತೆ ಟೇಪಿಲ್ಲದೆ ಅವರನ್ನು ಕಂಡವರಿಲ್ಲ. ತಿರುಪು ಬಿಗಿ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಕಾಲರು ನೋಡುವ ಹಾಗೆ ತಲೆ ವಾಲಿಸಿ ನೋಡಿ, "ಕೂತಿದೆ" ಎಂದರು.

ಇದು ನಿನ್ನ ಆಜ್ಞೆಯ ಫಲ. ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, "ಅತ್ತಿಗೆ, ದಿನಕ್ಕೆ ಅರ್ಧ ಗಂಟೆ ನಿನಗೆ ಅಂತ ಇಟ್ಕೋ, ಇಲ್ಲದಿದ್ರೆ ನಿನ್ ಜೊತೆ ಮಾತಾಡಲ್ಲ" ಎಂದು. ಸಮುದ್ರದ ನಡುವೆ ಕೂತು ಮಾತಾಡುವುದಿಲ್ಲವೆಂದು ಹೆದರಿಸುವವಳು ಜಗತ್ತಿನಲ್ಲಿ ನೀನೊಬ್ಬಳೇ. ಆದರೆ ಅರ್ಧ ಗಂಟೆ ಇಟ್ಟುಕೊಳ್ಳಲು ಒಂದು ಜಾಗ ಬೇಕು, ಜಾಗಕ್ಕೆ ಬಾಗಿಲು ಬೇಕು, ಬಾಗಿಲಿಗೆ ಚಿಲಕ ಬೇಕು. ನಿಮ್ಮಮ್ಮ ಬಚ್ಚಲಿನ ಚಿಲಕ ಹಾಕಿಕೊಂಡು ತೆಗೆಯುವುದು ಹೇಗೆಂದು ಮರೆತ ದಿನ, ಮನೆಯ ಎಲ್ಲ ಚಿಲಕಗಳನ್ನೂ ನಾನೇ ಕಿತ್ತು ಡಬ್ಬಿಗೆ ಹಾಕಿದ್ದೆ. ಅಂದಿನಿಂದ ಇಲ್ಲಿ ಬಾಗಿಲು ಎನ್ನುವುದು ಬರೀ ಒಂದು ಮರ್ಯಾದೆಯ ಮಾತು. ನಾನು ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದರೂ ನಿಮ್ಮಮ್ಮ ಬಾಗಿಲು ತಳ್ಳಿ, "ಎಷ್ಟು ಸೀಟು ಖಾಲಿ?" ಎಂದು ಕೇಳಿ ಹೋಗುತ್ತಾರೆ. ಜೀವಮಾನವಿಡೀ ಸಿನಿಮಾ ಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವರು. ಬೀದಿ ಮರೆತಿದ್ದಾರೆ, ಉಂಡದ್ದು ಮರೆಯುತ್ತಾರೆ, ಬಾಗಿಲನ್ನು ಮಾತ್ರ ಮರೆತಿಲ್ಲ.

ಪ್ರಥಮ ಅರ್ಧ ಗಂಟೆಯ ವರದಿ ಹೀಗಿದೆ. ಸ್ಟೂಲಿನ ಮೇಲೆ ಕೂತೆ. ಎದುರಿಗೆ ಇಸ್ತ್ರಿ ಮೇಜು, ರೆಕ್ಕೆ ಮುರಿದ ಫ್ಯಾನು, ನಿನ್ನ ಅಣ್ಣ ಹೋದ ಮೇಲೆ ಯಾರೂ ಕಾಲು ಹಾಕದ ಅವನ ರಬ್ಬರ್ ಬೂಟುಗಳು. ಎಸೆದಿಲ್ಲ, ಬೈಯಬೇಡ. ಇನ್ನೇನು ನನ್ನ ಬಗ್ಗೆ ಯೋಚಿಸಲು ಶುರು ಮಾಡಬೇಕು, ಬಾಗಿಲು ಬಡಿದ ಸದ್ದು.

"ಒಳಗೆ ಯಾರು?"

"ನಾನು ಅತ್ತೆ."

"ಎಷ್ಟು ಜನ?"

"ಒಬ್ಬಳೇ."

"ಷೋ ಶುರುವಾಯ್ತಾ?"

"ಈಗ ತಾನೆ."

"ಹಾಗಾದ್ರೆ ಕೂತ್ಕೋ. ಮಧ್ಯ ಎದ್ದು ಬಂದ್ರೆ ಮತ್ತೆ ಒಳಗೆ ಬಿಡಲ್ಲ."

ನನಗೇ ತಡೆಯಲಿಲ್ಲ, ಎದ್ದು ಬಂದೆ. ಅವರು ಹೇಳಿದ ಮಾತಿಗೆ ತಪ್ಪದೆ ಮತ್ತೆ ಒಳಗೆ ಬಿಡಲಿಲ್ಲ.

ನಿನ್ನ ಕೋಟು ಇದರ ಜೊತೆ ಬರುತ್ತಿದೆ. ಹರಿದಿದ್ದ ಕಾಜಾ ಬಿಚ್ಚಿ ಹೊಸದಾಗಿ ಹೊಲಿದಿದ್ದೇನೆ. ಇನ್ನೂ ಬರೆಯಬಹುದಿತ್ತು, ಆದರೆ ಕೈ ಜುಮ್ಮೆನ್ನುತ್ತಿದೆ. ಬೆಳಗ್ಗೆ ನಿನಗಿಷ್ಟದ ಆ ನೀಲಿ ಲೋಟ ಕೈಯಿಂದ ಜಾರಿ ಸ್ವರ್ಗ ಸೇರಿತು. ಸಂತಾಪ ಸೂಚಿಸು.

ನಿನ್ನ ಅತ್ತಿಗೆ


ಜನವರಿ ೩೦

ಅತ್ತಿಗೆ,

ಲೋಟಕ್ಕೆ ಒಂದು ನಿಮಿಷ ಮೌನ ಆಚರಿಸಿದೆ. ಚಿಲಕಕ್ಕೆ ಅಭಿನಂದನೆ. ಮಧ್ಯದಲ್ಲಿ ಎದ್ದು ಬಂದದ್ದಕ್ಕೆ ದಂಡ: ನಾಳೆಯಿಂದ ಒಂದು ಗಂಟೆ.

ನಿನ್ನ ಕಾಗದ ಸರಕಿನ ದೋಣಿಯಲ್ಲಿ ಈರುಳ್ಳಿ ಮೂಟೆಯ ಜೊತೆ ಬಂತು, ಈಗಲೂ ಅದೇ ವಾಸನೆ. ಈ ದ್ವೀಪದಲ್ಲಿ ಇರುವುದು ಹವಾಮಾನ ಕೇಂದ್ರ, ಕಲ್ಲು, ಗಾಳಿ, ಮತ್ತು ಮೋಡ ನೋಡಿ ಹಸಿದು ಬರುವ ಗಂಡಸರು. ರೇಡಿಯೋ ಇದೆ, ಆದರೆ ಅದು ಗಾಳಿಯ ವೇಗ ಹೇಳಲಿಕ್ಕೆ ಮಾತ್ರ. ಅತ್ತಿಗೆಯ ಕ್ಷೇಮ ಕೇಳಲಿಕ್ಕೆ ಅಲ್ಲವಂತೆ. ಕೇಂದ್ರದ ಮುಖ್ಯಸ್ಥರು, ನಮ್ಮ ಮೋಡದ ಸಾಹೇಬರನ್ನು ಕೇಳಿದೆ. "ಅಡುಗೆಯಮ್ಮ, ನಿಮ್ಮ ಅತ್ತಿಗೆ ಚಂಡಮಾರುತನಾ?" ಅಂದರು. "ನೀವು ನೋಡಿಲ್ಲ" ಅಂದೆ.

ಈಗ ಒಂದು ಗಂಭೀರ ವಿಷಯ. ಕೋಟು ತಲುಪಿತು. ಆ ಕಾಜಾ ನೋಡಿದೆ. ಅತ್ತಿಗೆ, ಇದು ನೀನು ಹೊಲಿದದ್ದಾ? ಹೊಲಿಗೆಗಳು ಒಂದರ ಮೇಲೊಂದು ಹತ್ತಿ ಕೂತಿವೆ, ತೂತು ನೋಡಿದರೆ ಆಕಳಿಸುತ್ತಿರುವ ಬಾಯಿ. ನನಗೆ ಕಾಜಾ ಕಲಿಸುವಾಗ ಎಷ್ಟು ಸಲ ಬಿಚ್ಚಿಸಿದ್ದೀಯ, ನೆನಪಿದೆಯಾ? "ಗುಂಡಿ ಒಳಗೆ ಹೋಗುವಾಗ ಅದಕ್ಕೆ ಮರ್ಯಾದೆ ಸಿಗಬೇಕು" ಅಂತಿದ್ದೆ. ಈಗ ನನ್ನ ಕೋಟಿಗೆ ಇಷ್ಟೇ ಮರ್ಯಾದೆ.

ನಿಜ ಹೇಳು, ನನ್ನ ಮೇಲೆ ಕೋಪವಾ? ಎರಡು ವರ್ಷದಿಂದ ಬಂದಿಲ್ಲ ಅಂತ? ಕೋಪವಿದ್ದರೆ ಕಾಗದದಲ್ಲಿ ಬೈಯಿ, ಕೋಟಿನ ಮೇಲೆ ತೋರಿಸಬೇಡ. ಏಪ್ರಿಲ್ ದೋಣಿಗೆ ರಜೆ ಕೇಳಿದ್ದೇನೆ. ಸಿಕ್ಕರೆ ಎರಡು ತಿಂಗಳು.

ಅಮ್ಮ ನನ್ನ ಹೆಸರು ಹೇಳುತ್ತಾಳಾ? ಸುಮ್ಮನೆ ಕೇಳಿದೆ.

ನಿನ್ನ ಸೌಟು


ಫೆಬ್ರುವರಿ ೧೮

ಪ್ರಿಯ ಸೌಟು,

ಕೋಪವೂ ಇಲ್ಲ, ತಾಪವೂ ಇಲ್ಲ. ನಿನ್ನ ಕೋಟಿಗಾದ ಅವಮಾನದ ಹಿಂದಿನ ಕಾರಣವನ್ನು ಸಾರ್ವಜನಿಕರ ಮುಂದಿಡುವ ಕಾಲ ಬಂದಿದೆ. ಕಾರ್ಮಿಕ ವಾರ್ತೆ ಓದು.

ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಅನಿರ್ದಿಷ್ಟ ಕಾಲದ ಮುಷ್ಕರ ಹೂಡಿವೆ. ಉಂಗುರಬೆರಳು ಅರ್ಧ ಮನಸ್ಸಿನಿಂದ ಆ ಕಡೆ ವಾಲಿದೆ. ಕಿರುಬೆರಳೊಂದೇ ಆಡಳಿತದ ಪರ. ಅದರಿಂದ ಕೆಲಸವೇನೂ ಆಗುವುದಿಲ್ಲ. ಮುಷ್ಕರನಿರತರು ಸೂಜಿ ಹಿಡಿಯುವುದಿಲ್ಲ, ಲೋಟ ಹಿಡಿಯುವುದಿಲ್ಲ, ಬಿಸಿ ಯಾವುದು ತಣ್ಣಗಿರುವುದು ಯಾವುದು ಎಂದು ವರದಿ ಒಪ್ಪಿಸುವುದಿಲ್ಲ. ನಸುಕಿನಲ್ಲಿ ಮಾತ್ರ ಘೋಷಣೆ ಕೂಗಿ ನನ್ನನ್ನು ಎಬ್ಬಿಸುತ್ತವೆ.

ಸಂಧಾನಕ್ಕೆ ಡಾಕ್ಟರಮ್ಮನ ಬಳಿ ಹೋಗಿದ್ದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ನನ್ನ ಅಂಗೈ ತಿರುಗಿಸಿ ಹೆಬ್ಬೆರಳಿನ ಬುಡ ಒತ್ತಿ ನೋಡಿದರು.

"ಭಾರ ಎತ್ತುತ್ತೀರಾ?"

"ಒಬ್ಬರನ್ನ ಎತ್ತುತ್ತೀನಿ."

"ಯಾರನ್ನ?"

"ಅತ್ತೆನ. ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸಬೇಕು, ಬಚ್ಚಲಲ್ಲಿ ಕೂರಿಸಬೇಕು, ಮೇಲೆತ್ತಬೇಕು. ಎದ್ದು ನಿಂತ ಮೇಲೆ ಅವರೇ ನಡೀತಾರೆ."

"ಎತ್ತೋಕೆ ಬೇರೆ ಯಾರೂ ಇಲ್ವಾ?"

"ಒಬ್ಬಾಕೆ ಬಂದಿದ್ರು. ಟಿಕೆಟ್ ಇಲ್ಲ ಅಂತ ಅತ್ತೆ ಛತ್ರಿ ತಗೊಂಡು ಓಡಿಸಿದ್ರು."

ಡಾಕ್ಟರಮ್ಮ ನಗಲಿಲ್ಲ. ಸಣ್ಣ ಆಪರೇಷನ್, ಆದರೆ ಆಮೇಲೆ ಆರು ವಾರ ಆ ಕೈಯಲ್ಲಿ ಏನೂ ಎತ್ತುವಂತಿಲ್ಲ ಎಂದರು. ಏಪ್ರಿಲ್ ದಾಟಿಸಬೇಡಿ, ಹೆಬ್ಬೆರಳಿನ ಬುಡದ ಮಾಂಸ ಆಗಲೇ ಸೊರಗುತ್ತಿದೆ, ಪೂರ್ತಿ ಸೊರಗಿದರೆ ಮತ್ತೆ ತುಂಬಿಕೊಳ್ಳುತ್ತದೆಂದು ನಾನು ಮಾತು ಕೊಡಲಾರೆ ಎಂದರು. ನೀನು ಏಪ್ರಿಲ್‌ನಲ್ಲಿ ಬರುತ್ತೀಯಲ್ಲ, ಸಂಧಾನ ಆಗಲೇ ಮುಗಿಸೋಣ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ.

ಈ ನಡುವೆ ಎಡಗೈಯನ್ನು ಬದಲಿ ಕೆಲಸಕ್ಕೆ ಸೇರಿಸಿಕೊಂಡಿದ್ದೇನೆ. ದಿನವೂ ಚಿಲಕ ಹಾಕಿಕೊಂಡು, ನನ್ನದೆಂದು ಇಟ್ಟುಕೊಂಡ ಆ ಅರ್ಧ ಗಂಟೆಯಲ್ಲಿ ಅದಕ್ಕೆ ಅಕ್ಷರ ಕಲಿಸುತ್ತಿದ್ದೇನೆ. ಶಿಷ್ಯೆ ದಡ್ಡಿ. ಬ್ರೇಕ್ ಹಾಕಿದ ಬಸ್ಸಿನ ಪ್ರಯಾಣಿಕರ ಹಾಗೆ ಎಲ್ಲ ಅಕ್ಷರಗಳೂ ಒಂದೇ ಕಡೆ ವಾಲುತ್ತವೆ, ನೋಡಿದರೆ ನಿಮ್ಮಮ್ಮನ ಬರವಣಿಗೆಯೇ. ಈ ಕಾಗದ ಮಾತ್ರ ಬಲಗೈಯದ್ದು. ಬರೆದು ಮುಗಿಸಲು ನಾಲ್ಕು ದಿನ ಬೇಕಾಯಿತು. ಮುಷ್ಕರನಿರತರನ್ನು ಪುಸಲಾಯಿಸಿ ಬರೆಸಿದ್ದು.

ನಿಮ್ಮಮ್ಮ ಹೆಸರುಗಳನ್ನು ಹೇಳುವುದು ಕಡಿಮೆ. ಯಾರ ಹೆಸರನ್ನೂ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಅತ್ತಿಗೆ


ಮಾರ್ಚ್ ೧೧

ಅತ್ತಿಗೆ,

ನಿನ್ನ ಕಾರ್ಮಿಕ ವಾರ್ತೆಯನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ಕಿರುಬೆರಳು ಆಡಳಿತದ ಪರ ಎಂದಾಗ ಮೋಡದ ಸಾಹೇಬರ ಮೂಗಿನಿಂದ ಸೂಪು ಬಂತು. ಇನ್ನೊಮ್ಮೆ ಓದಿ ಅಂದರು, ಓದಿದೆ. ಛತ್ರಿಯ ಭಾಗಕ್ಕೆ ಚಪ್ಪಾಳೆ ಬಿತ್ತು. ಇಲ್ಲಿ ಗಾಳಿ ಬಿಟ್ಟರೆ ಬೇರೆ ಮನರಂಜನೆ ಇಲ್ಲ, ನೀನು ಪುಣ್ಯ ಕಟ್ಟಿಕೊಂಡೆ. ಕಾಜಾ ಕೆಡಿಸಿದ್ದಕ್ಕೆ ಇಷ್ಟು ದೊಡ್ಡ ಕಥೆ ಕಟ್ಟುವವಳು ನೀನೊಬ್ಬಳೇ. ಕ್ಷಮಿಸಿದ್ದೇನೆ.

ಮುಷ್ಕರಕ್ಕೆ ನನ್ನ ಬೆಂಬಲವಿದೆ. ಸ್ವಲ್ಪ ದಿನ ಹೊಲಿಗೆ ಕಡಿಮೆ ಮಾಡು, ಬಿಸಿನೀರಲ್ಲಿ ಕೈ ಅದ್ದು. ಅರ್ಧ ಗಂಟೆಯಲ್ಲೂ ಎಡಗೈಗೆ ಶಾಲೆ ನಡೆಸುತ್ತೀಯಲ್ಲ, ಸುಮ್ಮನೆ ಕೂರಲಿಕ್ಕೆ ನಿನಗೆ ಬರುವುದೇ ಇಲ್ಲ.

ಏಪ್ರಿಲ್ ಇನ್ನೂ ಖಚಿತವಿಲ್ಲ. ನನ್ನ ಕೈಕೆಳಗಿನ ಅಡುಗೆಯವನ ಹೆಂಡತಿಗೆ ಹೆರಿಗೆ ಹತ್ತಿರ, ಅವನೂ ಅದೇ ದೋಣಿಗೆ ರಜೆ ಕೇಳುತ್ತಿದ್ದಾನೆ. ಇಬ್ಬರೂ ಹೋದರೆ ಇವರೆಲ್ಲ ಮೋಡ ತಿನ್ನಬೇಕು. ನೋಡೋಣ.

ಸೌಟು


ಮಾರ್ಚ್ ೨೭

ಇಲ್ಲಿ ಎಲ್ಲ ಸರಿ. ಚಳಿ ಕಡಿಮೆ ಆಗಿದೆ. ಅಕ್ಷರ ನೋಡಿ ನಗಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಉಪ್ಪುಗಾಳಿಗೆ ನಿನ್ನ ಕೈ ಒಡೆಯುತ್ತದೆ, ಮುಲಾಮು ಹಚ್ಚು.

ಇನ್ನೂ ಹೇಳುವುದಿತ್ತು. ಕೈ ಸೋತಿದೆ. ಇಷ್ಟೇ ಆಗುತ್ತಿರುವುದು.


ಏಪ್ರಿಲ್ ೧೪

ಅಮ್ಮ,

ನೀನೇ ಬರೆದೆಯಾ? ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಬಿಟ್ಟು ನಿಂತುಕೊಂಡೇ ಓದಿದೆ. ಹೆಸರು ಹಾಕದಿದ್ದರೂ ನಿನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವಾ? ಆ ವಾಲಿದ ಅಕ್ಷರ. ಚಿಕ್ಕವಳಿದ್ದಾಗ ಹರಿದ ಟಿಕೆಟ್‌ಗಳ ಹಿಂದೆ ನೀನು ಲೆಕ್ಕ ಬರೆದುಕೊಳ್ಳುತ್ತಿದ್ದುದನ್ನು ನೋಡುತ್ತಾ ಕೂರುತ್ತಿದ್ದೆ. ನಗಬೇಡ ಅಂದಿದ್ದೀಯ. ನಗಲಿಲ್ಲಮ್ಮ. ಅತ್ತುಬಿಟ್ಟೆ.

ನೀನು ಇಷ್ಟು ಹುಷಾರಾಗಿದ್ದೀಯ ಅಂತ ಅತ್ತಿಗೆ ಒಂದು ಮಾತೂ ಬರೆದಿಲ್ಲ ನೋಡು. ಅವಳಿಗೆ ಬೆರಳುಗಳ ಬಗ್ಗೆ ಕಥೆ ಕಟ್ಟುವುದೇ ಆಯಿತು. ನನಗೆ ಆಶ್ಚರ್ಯವಾಗಲಿ ಅಂತ ಮುಚ್ಚಿಟ್ಟಿರಬೇಕು.

ಕಾಗದ ಬಂದ ಮೇಲೆ ಮನಸ್ಸು ಹಗುರವಾಗಿ ಒಂದು ಒಳ್ಳೆಯ ಕೆಲಸ ಮಾಡಿದೆ. ನನ್ನ ರಜೆಯನ್ನು ಅಡುಗೆಯವನಿಗೆ ಬಿಟ್ಟುಕೊಟ್ಟೆ. ಅವನು ಅದೇ ದೋಣಿ ಹತ್ತಿ ಹೋದ. ನಾನು ವರ್ಷದ ಕೊನೆಯವರೆಗೆ ಇರುತ್ತೇನೆಂದು ಸಹಿ ಹಾಕಿದ್ದೇನೆ. ನೀನು ನಿನ್ನ ಕೈಯಾರೆ ಬರೆಯುವಷ್ಟು ಚೇತರಿಸಿಕೊಂಡ ಮೇಲೆ ನಾನು ಓಡಿ ಬರುವ ಅವಸರ ಏನಿದೆ? ಅತ್ತಿಗೆಗೂ ಈಗ ಬಿಡುವು ಸಿಕ್ಕಿರಬೇಕು. ಅವಳ ಅರ್ಧ ಗಂಟೆ ಅವಳಿಗೆ ಕೊಡು ಅಮ್ಮ, ಬಾಗಿಲು ಬಡಿಯಬೇಡ.

ಇನ್ನೊಂದು ಕಾಗದ ಬರಿ. ಎರಡೇ ಸಾಲು ಸಾಕು.

ನಿನ್ನ ಮಗಳು


ಮೇ ೬

ಮಗಳೇ,

ನಿನ್ನ ಕಾಗದ ಎರಡು ಸಲ ಓದಿದ್ದಾಯಿತು. ಖುಷಿಯಲ್ಲಿ ಬರೆದಿದ್ದೀಯ. ಹಾಲು ಉಕ್ಕಿದ್ದು ಒಲೆಗೆ ಅಂಟಿಕೊಂಡಿರುತ್ತದೆ, ಸರಿಯಾಗಿ ಉಜ್ಜು.

ಹೆರಿಗೆಯ ಮನೆಗೆ ಅವನನ್ನು ಕಳಿಸಿದ್ದು ಒಳ್ಳೆಯದಾಯಿತು. ವರ್ಷದ ಕೊನೆ ಅಂದರೆ ಇನ್ನೇನು ಬಂದೇ ಬಂತು.

ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ದಿನಾ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ನಾನು ಬಡಿಯುವುದಿಲ್ಲ.

ಒಬ್ಬಳೇ ಇಬ್ಬರ ಕೆಲಸ ಮಾಡುತ್ತಿದ್ದೀಯ. ಎಲ್ಲರಿಗೂ ಬಡಿಸಿದ ಮೇಲೆ ನಿಂತುಕೊಂಡು ತಿನ್ನಬೇಡ. ಕೂತು ತಿನ್ನು.

ಅಮ್ಮ


ಜೂನ್ ೧೬

ಅತ್ತಿಗೆ,

ಈ ಕಾಗದ ನಿನಗೆ. ಮೇ ತಿಂಗಳ ಕಾಗದವೂ ನಿನ್ನದೇ, ಮಾರ್ಚಿನದ್ದೂ ನಿನ್ನದೇ ಎಂದು ನನಗೆ ಗೊತ್ತಾಗಿದೆ. ತಮಾಷೆ ಮಾಡುವ ಸ್ಥಿತಿಯಲ್ಲಿಲ್ಲ, ನೇರವಾಗಿ ಬರೆಯುತ್ತೇನೆ.

ಹೋದ ವಾರ ಗಾಳಿ ಹೆಚ್ಚಾಗಿ ಕೋಟು ತೆಗೆದೆ. ಗುಂಡಿ ನಿಲ್ಲಲಿಲ್ಲ, ಕಾಜಾ ಪೂರ್ತಿ ಬಿಚ್ಚಿಕೊಂಡು ಬಂತು. ನಾನೇ ಹೊಲಿಯೋಣವೆಂದು ದೀಪದ ಕೆಳಗೆ ಹಿಡಿದು ನೋಡಿದೆ. ನೀನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೂಜಿ ಚುಚ್ಚಿದ್ದೀಯ. ಬಟ್ಟೆಯ ತುಂಬ ಸಣ್ಣ ಸಣ್ಣ ತೂತು, ಒಂದು ಕಡೆ ಒಣಗಿದ ಕಲೆ. ಅವಸರಕ್ಕೆ ಹೊಲಿದವರ ಬಟ್ಟೆ ಹೀಗಿರುವುದಿಲ್ಲ. ಸೂಜಿ ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗದಿದ್ದರೂ ಬಿಡದೆ ಹೊಲಿದದ್ದು ಇದು.

ಪೆಟ್ಟಿಗೆಯಿಂದ ಎಲ್ಲ ಕಾಗದಗಳನ್ನೂ ತೆಗೆದು ಮೇಜಿನ ಮೇಲೆ ಹರಡಿದೆ. ಮುಷ್ಕರದ ಕಾಗದವನ್ನು ಮತ್ತೆ ಓದಿದೆ. ಈ ಸಲ ಒಬ್ಬಳೇ. ಅದರಲ್ಲಿ ಒಂದು ಸುಳ್ಳೂ ಇಲ್ಲ. ಡಾಕ್ಟರಮ್ಮ ನಗಲಿಲ್ಲ ಅಂತ ನೀನೇ ಬರೆದಿದ್ದೆ. ನಾವೆಲ್ಲ ನಕ್ಕಿದ್ದೆವು.

ಆಮೇಲೆ "ಅಮ್ಮನ" ಎರಡು ಕಾಗದ. ಅತ್ತಿಗೆ, ಅಮ್ಮ ನನ್ನನ್ನು ಬೆಳೆಸಿದ್ದಾಳೆ, ನನ್ನನ್ನು ಕಾಯುತ್ತಾ ಬಾಗಿಲಲ್ಲಿ ನಿಂತಿದ್ದಾಳೆ, ಹೊಡೆದಿದ್ದಾಳೆ. ಆದರೆ ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಒಂದು ದಿನವೂ ಹೇಳಿದವಳಲ್ಲ. ಅವಳು ಕೇಳುತ್ತಿದ್ದುದು "ಎಲ್ಲಿಗೆ ಹೋಗಿದ್ದೆ?" ಅಷ್ಟೇ. ಕೂತು ತಿನ್ನು ಎಂದು ಹೇಳಿದ್ದು ಈ ಭೂಮಿಯ ಮೇಲೆ ನೀನೊಬ್ಬಳೇ. ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವಾಗ, ನೀನು ನಮ್ಮ ಮನೆಗೆ ಬಂದ ವಾರದಿಂದ ಅದನ್ನೇ ಹೇಳುತ್ತಿದ್ದೀಯ.

ಇಷ್ಟು ಗೊತ್ತಾಗಬೇಕಿತ್ತು ನನಗೆ. ಯಾಕೆ ಗೊತ್ತಾಗಲಿಲ್ಲ ಅಂದರೆ, ನನಗೆ ಬೇಕಿರಲಿಲ್ಲ. ಹೋದ ಸಲ ಬಂದಾಗ ನೀನು ಚಹಾ ತರಲು ಒಳಗೆ ಹೋಗಿದ್ದೆ. ಅಮ್ಮ ನನ್ನನ್ನು ನೋಡಿ ಎದ್ದು, ಕುರ್ಚಿ ತೋರಿಸಿ, "ಕೂತ್ಕೊಳ್ಳಿ, ಮನೆಯವರು ಈಗ ಬರ್ತಾರೆ" ಅಂದಳು. ಬಹುವಚನದಲ್ಲಿ. ನಿನಗೆ ಹೇಳಲಿಲ್ಲ. ಆ ಮಾತು ಇನ್ನೊಮ್ಮೆ ಕೇಳುವುದಕ್ಕಿಂತ ಇಲ್ಲೇ ಈರುಳ್ಳಿ ಹೆಚ್ಚಿಕೊಂಡಿರುವುದು ಸುಲಭವೆನಿಸಿತು. ಏಪ್ರಿಲ್‌ನಲ್ಲಿ ಆ ಕಾಗದ ಬಂದಾಗ ಅದನ್ನು ನಂಬುವುದು ಅದಕ್ಕಿಂತ ಸುಲಭವಾಗಿತ್ತು. ನಿನಗೆ ಅರ್ಧ ಗಂಟೆ ಇಟ್ಕೋ ಎಂದು ಇಲ್ಲಿಂದ ಆಜ್ಞೆ ಕಳಿಸುತ್ತಿದ್ದೆ. ಆ ಅರ್ಧ ಗಂಟೆ ಹೊತ್ತು ಅಮ್ಮನ ಬಳಿ ಯಾರು ಇರುತ್ತಾರೆಂದು ಕೇಳಲಿಲ್ಲ.

ಮೋಡದ ಸಾಹೇಬರಿಗೆ ವಿಷಯ ಹೇಳಿದೆ. "ಸೂಪು ಬಂದಿದ್ದು ನನ್ನ ಮೂಗಿಂದ" ಅಂದರು. ಆಮೇಲೆ ನನ್ನ ಸಹಿ ಹಾಕಿದ ಕಾಗದ ವಾಪಸ್ ಕೊಟ್ಟು, ಅಡುಗೆಯವನು ಬರುವ ದೋಣಿಯಲ್ಲೇ ನೀವು ಹೊರಡಿ ಅಂದರು. ಜುಲೈ ಮೊದಲ ವಾರ ಅದು ಇಲ್ಲಿಗೆ ಬರುತ್ತದೆ. ಮರುದಿನ ನಾನು ಅಲ್ಲಿರುತ್ತೇನೆ. ಆಪರೇಷನ್ನಿಗೆ ದಿನ ಗೊತ್ತು ಮಾಡು. ಅಮ್ಮನನ್ನು ನಾನು ಎತ್ತುತ್ತೇನೆ. ಆರು ವಾರ ಅಲ್ಲ, ಎಷ್ಟು ವಾರವಾದರೂ.

ಒಂದೇ ಪ್ರಶ್ನೆ. ತಡವಾಯಿತಾ?

ಸೌಟು


ಜೂನ್ ೨೯

ಪ್ರಿಯ ಸೌಟು,

ಇದು ಎಡಗೈ ಬರೆಯುತ್ತಿರುವುದು. ಈ ಸಲ ಸ್ವಂತ ಹೆಸರಿನಲ್ಲಿ. ಆದ್ದರಿಂದ ನಿಧಾನ, ಆದ್ದರಿಂದ ದಿನಕ್ಕೆ ಒಂದಿಷ್ಟೇ, ಆದ್ದರಿಂದ ವಿಶೇಷಣಗಳಿಗೆ ರಜೆ.

ಡಾಕ್ಟರಮ್ಮನ ಬಳಿ ಹೋಗಿ ಬಂದೆ. ಬೈದರು. ಬೈಗುಳದ ನಡುವೆ ಉತ್ತರವೂ ಇತ್ತು. ಆಪರೇಷನ್ ಆದರೆ ಜುಮ್ಮೆನ್ನುವುದು ನಿಲ್ಲುತ್ತದೆ, ನೋವು ಹೋಗುತ್ತದೆ, ಲೋಟ ಹಿಡಿಯಬಹುದು. ಹೆಬ್ಬೆರಳಿನ ಬುಡ ಸೊರಗಿದ್ದು ಎಷ್ಟು ವಾಪಸ್ ಬರುತ್ತದೆಂದು ಅವರಿಗೂ ಗೊತ್ತಿಲ್ಲ, ಹೆಬ್ಬೆರಳಿಗೂ ಗೊತ್ತಿಲ್ಲ. ಕಾಜಾ ಹೊಲಿಯುವುದು ಬಹುಶಃ ಮುಗಿಯಿತು. ಟೇಪು ಅದಕ್ಕೆಂದು ಒಂದು ಮಿಷನ್ ತಂದಿದ್ದಾರೆ. ನನ್ನೆದುರು ಅದರ ಸುದ್ದಿ ಎತ್ತುವುದಿಲ್ಲ. ನಾನು ಅಂಗಡಿಯ ಮುಂದೆ ಹಾದುಹೋದರೆ ಅದರ ಮೇಲೆ ಬಟ್ಟೆ ಮುಚ್ಚುತ್ತಾರೆ, ಏನೋ ಕಳ್ಳಮಾಲು ಇಟ್ಟುಕೊಂಡವರ ಹಾಗೆ. ಹೋಗಲಿ. ತಡವಾಯಿತು, ಆದರೆ ಪೂರ್ತಿ ತಡವಾಗಿಲ್ಲ. ನಿನಗೆ ಸುಳ್ಳು ಹೇಳುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿರುವುದರಿಂದ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಜುಲೈ ಎರಡನೇ ವಾರಕ್ಕೆ ದಿನ ಕೊಟ್ಟಿದ್ದಾರೆ.

ಮಾರ್ಚಿನ ಕಾಗದಕ್ಕೆ ಹೆಸರು ಹಾಕದೆ ಹೋದದ್ದು ಕೈ ಸೋತಿದ್ದಕ್ಕೆ. ಮುಂದೆ ಬರೆಯಬೇಕಿದ್ದ ಮಾತು "ಏಪ್ರಿಲ್‌ಗೆ ಬಾ" ಎಂದು. ಕೈ ನಿಂತಿತು, ಆ ಹೊತ್ತಿಗೆ ಅಂಚೆಯವರೂ ಬಂದರು. ನಿನ್ನ ಉತ್ತರ ಅಮ್ಮನ ಹೆಸರಿಗೆ ಬಂತು. ಅಷ್ಟು ಖುಷಿಯನ್ನು ನಿನ್ನ ಅಕ್ಷರದಲ್ಲಿ ನೋಡಿ ಎಷ್ಟೋ ವರ್ಷವಾಗಿತ್ತು. ಅದನ್ನು ಕಿತ್ತುಕೊಳ್ಳಲು ಚಿಲಕ ಹಾಕಿಕೊಂಡು ಕೂತೆ, ಆಗಲಿಲ್ಲ. ನನಗೆಂದು ಇಟ್ಟುಕೊಂಡ ಅರ್ಧ ಗಂಟೆಯಲ್ಲಿ ನಿನ್ನಮ್ಮನಾಗಿ ನಿನಗೆ ಬರೆದೆ. ಸ್ವಂತಕ್ಕೆ ಸಮಯ ಮಾಡಿಕೊಳ್ಳುವುದರಲ್ಲಿ ನನ್ನಷ್ಟು ನಿಪುಣರು ಸಿಗುವುದು ಕಷ್ಟ.

ನಿನ್ನ ಕಾಗದಗಳನ್ನು ನಿಮ್ಮಮ್ಮನಿಗೆ ಓದಿ ಹೇಳುತ್ತಿದ್ದೆ. ಹಾಲು ಉಕ್ಕಿದ ಕಾಗದ ಓದುವಾಗ ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮುಗಿದ ಮೇಲೆ ಅಂದರು:

"ಯಾರ ಮಗಳೋ, ಎಷ್ಟು ಚೆನ್ನಾಗಿ ಬರೀತಾಳೆ."

"ನಿಮ್ಮ ಮಗಳೇ ಅತ್ತೆ."

"ಅಯ್ಯೋ, ನಮಗೆಲ್ಲಿ ಅಂಥ ಅದೃಷ್ಟ. ಇನ್ನೊಂದ್ಸಲ ಓದು."

ನೀನು ಹೆಸರು ಹೇಳುತ್ತಾರಾ ಎಂದು ಕೇಳಿದ್ದೆ. ಹೆಸರು ಹೇಳುವುದಿಲ್ಲ. ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ಹಾಸಿಗೆ ಬಟ್ಟೆ ಬದಲಿಸುವಾಗ ತೆಗೆದರೆ, "ಅದು ರಿಸರ್ವ್ ಸೀಟು" ಎನ್ನುತ್ತಾರೆ.

ಬಹುವಚನದ ಬಗ್ಗೆ ಬರೆದಿದ್ದೀಯ. ನನ್ನನ್ನೂ ಕೆಲವು ದಿನ ಬಹುವಚನದಲ್ಲೇ ಕರೆಯುತ್ತಾರೆ. ಮೊದಲ ದಿನ ಸಾಮಾನಿನ ಕೋಣೆಗೆ ಹೋಗಿ ನಿನ್ನ ಅಣ್ಣನ ಬೂಟುಗಳ ಮುಂದೆ ಅತ್ತುಬಿಟ್ಟೆ. ಆಮೇಲೆ ಅಭ್ಯಾಸವಾಯಿತು. ಮರ್ಯಾದೆ ಕೊಡುತ್ತಿದ್ದಾರೆ, ಕಿತ್ತುಕೊಳ್ಳುತ್ತಿಲ್ಲ.

ನಿನ್ನ ಕಾಗದ ತಲುಪಿದ ದಿನ ನಾನು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಕೂತೆ. ಎಡಗೈಗೆ ರಜೆ, ಬಲಗೈಗೆ ರಜೆ. ಬರೆಯಲಿಲ್ಲ, 'ಇನ್ನೇನು ಬಾಕಿ' ಎಂದು ಯೋಚಿಸಲಿಲ್ಲ. ಗೋಡೆ ನೋಡಿದೆ. ಸ್ವಲ್ಪ ಹೊತ್ತಿಗೆ ಹೊರಗೆ ಕುರ್ಚಿ ಎಳೆದ ಸದ್ದಾಯಿತು. ಟೇಪು ಏನೋ ಕೇಳಲು ಮೇಲೆ ಬಂದಿರಬೇಕು. ನಿಮ್ಮಮ್ಮನ ದನಿ ಕೇಳಿಸಿತು, ಹಳೆಯ ಕೆಲಸದ ದನಿ, ಮಂದಿರದ ಬಾಗಿಲ ದನಿ.

"ಒಳಗೆ ಷೋ ನಡೀತಿದೆ. ಬಿಡಲ್ಲ."

"ಒಂದೇ ಮಾತು ಕೇಳಿ ಹೋಗ್ತೀನಮ್ಮ."

"ಒಂದೇ ಮಾತು ಅಂತ ಎಲ್ಲರೂ ಹೇಳ್ತಾರೆ. ಒಳಗಿರೋರು ದುಡ್ಡು ಕೊಟ್ಟು ಕೂತಿದ್ದಾರೆ ಕಣಪ್ಪ. ಮುಗಿಯೋ ತನಕ ನಿಂತ್ಕೋ."

ಅವರು ನಿಂತುಕೊಂಡರು. ನಾನು ಕೂತುಕೊಂಡೆ. ಈ ಮನೆಗೆ ಬಂದಾಗಿನಿಂದ ಯಾರೋ ನನ್ನ ಬಾಗಿಲು ಕಾಯುತ್ತಿರುವುದು ಅದೇ ಮೊದಲು. ಒಳಗೆ ಇರುವುದು ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ. ಆವತ್ತು ಷೋ ಪೂರ್ತಿ ನಡೆಯಿತು.

ನೀನು ಬರುವುದು ತಿಳಿದು ಮನಸ್ಸು ನೆಮ್ಮದಿಯಾಗಿದೆ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದ್ದೇನೆ, ಟೇಪು ಎತ್ತಿಕೊಟ್ಟರು. ಕೋಟು ಮರೆಯದೆ ತಾ. ಆ ಕಾಜಾವನ್ನು ಈ ಸಲ ನೀನೇ ಹೊಲಿಯಬೇಕು, ನಾನು ಪಕ್ಕದಲ್ಲಿ ಕೂತು ಬಿಚ್ಚಿಸುತ್ತೇನೆ. ಬಿಚ್ಚಿಸಲು ಬೆರಳು ಬೇಡ, ನಾಲಿಗೆ ಸಾಕು.

ಕೊನೆಗೆ ಒಂದು ಸಣ್ಣ ಉಪಕಾರ ಮಾಡು. ದೋಣಿಯ ಟಿಕೆಟ್ಟನ್ನು ದಡದಲ್ಲಿ ಎಸೆದು ಬರಬೇಡ. ದೋಣಿಯವರು ಹರಿಯಲು ಕೈ ಚಾಚಿದರೆ ಬೇಡಿಕೊಂಡಾದರೂ ಇಡಿಯಾಗಿ ಉಳಿಸಿಕೊಂಡು ಬಾ, ಕೋಟಿನ ಒಳಜೇಬಿನಲ್ಲಿ ಇಟ್ಟುಕೋ. ಇಲ್ಲಿ ಬಾಗಿಲಲ್ಲಿ ಕೇಳುತ್ತಾರೆ. ಕೊಟ್ಟರೆ ಹರಿದು ಅರ್ಧ ನಿನ್ನ ಕೈಗೆ ಕೊಟ್ಟು, ಒಳಗೆ ಬಿಡುತ್ತಾರೆ.

ನಿನ್ನ ಅತ್ತಿಗೆ